ಗಿಡ್ಡ ಹುಡುಗ, ಒಂಬತ್ತನೇ ನಂಬರಿನ ಅಂಗಿ

ಪ್ರಶ್ನೆ: ಸರ್, ನಾವು ಬಳ್ಳಾರಿಯ ಕೌಲ್ ಬಜಾರಿನವರು. ನನ್ನ ಮಗನಿಗೆ ಈಗ 14 ವರ್ಷ. ಆರನೇ ವಯಸ್ಸಿನಿಂದ ಫುಟ್‌ಬಾಲ್ ಆಡುತ್ತಿದ್ದಾನೆ. ಸೆಂಟರ್ ಫಾರ್ವರ್ಡ್. ಅಂದರೆ ಎದುರು ಗೋಲಿನ ಮುಂದೆ, ನಡುವೆ ಆಡುವ ಒಂಬತ್ತನೇ ನಂಬರಿನವನು. ಕಾಲಲ್ಲಿ ಬಾಲ್ ಇದ್ದರೆ ಮೂರು ಜನರ ನಡುವೆ ನುಸುಳಿ ಹೊರಗೆ ಬರುತ್ತಾನೆ. ಆದರೆ ಎತ್ತರ 4 ಅಡಿ 10 ಇಂಚು ಅಷ್ಟೇ. ಹೋದ ತಿಂಗಳು ಒಂದು ಕಡೆ ಟ್ರಯಲ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಕೋಚ್, "ಆಟ ಚೆನ್ನಾಗಿದೆ, ಆದ್ರೆ ಹುಡುಗ ಗಿಡ್ಡ. ದೊಡ್ಡ ಕ್ಲಬ್‌ಗಳಲ್ಲಿ ಈ ಸೈಜಿನ ಫಾರ್ವರ್ಡ್ ನಡೆಯಲ್ಲ. ವಿಂಗ್‌ಗೆ, ಮೈದಾನದ ಅಂಚಿಗೆ ಹಾಕಿ, ಇಲ್ಲಾಂದ್ರೆ ಬಿಡಿಸಿ" ಅಂದರು. ಅವನ ಅಜ್ಜಿ "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಅಂತ ಸಮಾಧಾನ ಹೇಳುತ್ತಾರೆ. ಅವನು ಮಾತ್ರ ದಿನಾ ಬಾಗಿಲ ಚೌಕಟ್ಟು ಹಿಡಿದು ಜೋತು ಬೀಳುತ್ತಾನೆ, ಎತ್ತರ ಬೆಳೆಸುವ ಪೌಡರ್ ಕೊಡಿಸು ಅಂತಾನೆ. ನನ್ನ ಎತ್ತರ 5 ಅಡಿ 6 ಇಂಚು, ಅವನ ತಾಯಿ 5 ಅಡಿ 1 ಇಂಚು. ಗಿಡ್ಡಗಿದ್ದು ಚಳಕ ಇರುವವರು ದೊಡ್ಡ ಕ್ಲಬ್‌ಗಳಲ್ಲಿ ಫಾರ್ವರ್ಡ್ ಆಗಲು ಸಾಧ್ಯವೇ? ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ: ಸಾಧ್ಯ. ಆಗಿದ್ದಾರೆ, ಈಗಲೂ ಆಗುತ್ತಿದ್ದಾರೆ. ಆದರೆ ಇಷ್ಟೇ ಹೇಳಿ ಸುಮ್ಮನಾದರೆ ನಾನೂ ಅಜ್ಜಿಯ ಹಾಗೆ ಸಮಾಧಾನ ಹೇಳಿದಂತೆ ಆಗುತ್ತದೆ. ನೀವು ಕೇಳಿದ್ದು ಅದಕ್ಕಲ್ಲ ಅಲ್ವಾ?

ಮೊದಲು ಆ ಕೋಚ್ ಮಾತಿನ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಅವರು 14 ವರ್ಷದ ಹುಡುಗನ ಎತ್ತರ ನೋಡಿ 24 ವರ್ಷದ ಆಟಗಾರನ ಬಗ್ಗೆ ತೀರ್ಪು ಕೊಟ್ಟಿದ್ದಾರೆ. ಗಂಡು ಮಕ್ಕಳು ಒಮ್ಮೆಲೇ ಸರಸರ ಬೆಳೆಯುವ ಕಾಲ ಸಾಮಾನ್ಯವಾಗಿ 13-14ರ ಆಸುಪಾಸು ಬರುತ್ತದೆ. ಕೆಲವರಿಗೆ 12ಕ್ಕೇ ಬಂದುಬಿಡುತ್ತದೆ. ಇನ್ನು ಕೆಲವರಿಗೆ 15-16 ಆದರೂ ಬಂದಿರುವುದಿಲ್ಲ. ಹಾಗಾಗಿ ಒಂದೇ ತರಗತಿಯ, ಒಂದೇ ವಯಸ್ಸಿನ ಇಬ್ಬರು ಹುಡುಗರನ್ನು ಪಕ್ಕಪಕ್ಕ ನಿಲ್ಲಿಸಿದರೆ ಒಬ್ಬ ಅಣ್ಣನ ಹಾಗೆ, ಇನ್ನೊಬ್ಬ ತಮ್ಮನ ಹಾಗೆ ಕಾಣಬಹುದು. ನಾಲ್ಕು ವರ್ಷ ಕಳೆದ ಮೇಲೆ ಇಬ್ಬರೂ ಸಮ ಆಗಿರಬಹುದು.

ಮಕ್ಕಳ ಡಾಕ್ಟರುಗಳು ಒಂದು ಸರಳ ಲೆಕ್ಕ ಹಾಕುತ್ತಾರೆ. ತಂದೆಯ ಎತ್ತರ, ತಾಯಿಯ ಎತ್ತರ ಎರಡನ್ನೂ ಸೆಂಟಿಮೀಟರಿನಲ್ಲಿ ಕೂಡಿಸಿ, ಗಂಡು ಮಗುವಾದರೆ ಅದಕ್ಕೆ 13 ಸೇರಿಸಿ, ಎರಡರಿಂದ ಭಾಗಿಸುವುದು. ನೀವು 168 ಸೆಂ.ಮೀ., ನಿಮ್ಮ ಮನೆಯವರು 155. ಕೂಡಿಸಿದರೆ 323, ಅದಕ್ಕೆ 13 ಸೇರಿದರೆ 336. ಅರ್ಧ ಮಾಡಿದರೆ 168. ಇದು ನಡುವಿನ ಅಂಕಿ. ಇದಕ್ಕಿಂತ ಎಂಟೂವರೆ ಸೆಂಟಿಮೀಟರ್ ಮೇಲೂ ಹೋಗಬಹುದು, ಕೆಳಗೂ ನಿಲ್ಲಬಹುದು. ಅಂದರೆ ನಿಮ್ಮ ಮಗ ಸುಮಾರು 5 ಅಡಿ 3 ಇಂಚಿನಿಂದ 5 ಅಡಿ 9 ಇಂಚಿನವರೆಗೆ ಎಲ್ಲಾದರೂ ನಿಲ್ಲಬಹುದು. ಆರಡಿ ಆಳು ಆಗುವ ಸಾಧ್ಯತೆ ಕಡಿಮೆ. ಇದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಆದರೆ ಆ ನಡುವಿನ ಅಂಕಿ, 168, ಬ್ರೆಜಿಲ್‌ನ ರೊಮಾರಿಯೊ ಎತ್ತರ. 1994ರ ವಿಶ್ವಕಪ್ ಗೆದ್ದ ತಂಡದ ಸೆಂಟರ್ ಫಾರ್ವರ್ಡ್. ಆ ಟೂರ್ನಿಯ ಅತ್ಯುತ್ತಮ ಆಟಗಾರ. ಅವರ ಊರಿನಲ್ಲಿ ಅವರನ್ನು ಕರೆಯುತ್ತಿದ್ದದ್ದೇ "ಬೈಶಿನ್ಯೊ" ಅಂತ. ಕುಳ್ಳ ಅಂತಲೇ ಅದರ ಅರ್ಥ.

ನಾನು ಇಷ್ಟು ಖಾರವಾಗಿ ಹೇಳಲು ಕಾರಣವಿದೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಬಹಳ ವರ್ಷದ ಹಿಂದೆ, 14ರ ಒಳಗಿನ ಮಕ್ಕಳ ತಂಡ ಆರಿಸುವಾಗ ಫಾರ್ವರ್ಡ್ ಜಾಗಕ್ಕೆ ಇಬ್ಬರಿದ್ದರು. ಒಬ್ಬನಿಗೆ 13ಕ್ಕೇ ಮೀಸೆ ಚಿಗುರಿತ್ತು. ಅವನು ಓಡಿದರೆ ಉಳಿದ ಮಕ್ಕಳು ಪಕ್ಕಕ್ಕೆ ಸರಿಯುತ್ತಿದ್ದರು. ಇನ್ನೊಬ್ಬ ಸಣ್ಣಗೆ, ಶರ್ಟು ಮೊಣಕಾಲಿಗೆ ಬರುತ್ತಿತ್ತು. ಆದರೆ ಬಾಲ್ ಎಲ್ಲಿ ಬೀಳುತ್ತದೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೆ. ನಾನು ಮೀಸೆಯವನನ್ನು ಆರಿಸಿದೆ. ಆ ವರ್ಷ ನಾವು ಗೆದ್ದೆವು ಕೂಡ. 17 ಆಗುವ ಹೊತ್ತಿಗೆ ಆ ದೊಡ್ಡ ಹುಡುಗ ಅಷ್ಟಕ್ಕೇ ನಿಂತಿದ್ದ, ಉಳಿದವರು ಅವನ ಸಮಕ್ಕೆ ಬಂದಿದ್ದರು. ಮೈಬಲ ಬಿಟ್ಟು ಬೇರೇನೂ ಕಲಿಯುವ ಅಗತ್ಯ ಅವನಿಗೆ ಬಂದಿರಲೇ ಇಲ್ಲ. ಸಣ್ಣವನನ್ನು ಹುಡುಕಿಕೊಂಡು ಹೋದೆ. ಅವನು ಆಟ ಬಿಟ್ಟು ಎರಡು ವರ್ಷ ಆಗಿತ್ತು. ಇಬ್ಬರನ್ನೂ ಕೆಡಿಸಿದ್ದು ನಾನೇ. ಈಗಲೂ ಆ ಸಣ್ಣವನು ಸಂತೆಯಲ್ಲಿ ಸಿಕ್ಕರೆ ನಗುತ್ತಾ ಮಾತಾಡಿಸುತ್ತಾನೆ. ನನಗೆ ಅವನ ಮುಖ ನೋಡುವುದು ಕಷ್ಟವಾಗುತ್ತದೆ.

ಈ ತಪ್ಪು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಫ್ರಾನ್ಸ್‌ನ ಆಂಟೊನ್ ಗ್ರೀಸ್‌ಮನ್‌ನನ್ನು ಅವನ ದೇಶದ ಅಕಾಡೆಮಿಗಳು ಒಂದರ ಹಿಂದೆ ಒಂದು "ಸಣ್ಣಗಿದ್ದಾನೆ" ಅಂತ ವಾಪಸ್ ಕಳಿಸಿದವು. ಸ್ಪೇನ್‌ನ ರಿಯಲ್ ಸೊಸಿಯೆದಾದ್ ಕ್ಲಬ್ ಅವನನ್ನು ಕರೆದುಕೊಂಡಿತು. ಅದೇ ಹುಡುಗ 2018ರಲ್ಲಿ ಫ್ರಾನ್ಸ್‌ಗೆ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬ. ಸ್ಪೇನ್‌ನ ಅಟ್ಲೆಟಿಕೊ ಮ್ಯಾಡ್ರಿಡ್ ಕ್ಲಬ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಅವನವು. ಇಂಗ್ಲೆಂಡಿನ ಜೇಮಿ ವಾರ್ಡಿಯನ್ನು 16ನೇ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಸಣ್ಣವನು ಅಂತ ಬಿಟ್ಟಿತು. ಆಮೇಲೆ ಅವನು 5 ಅಡಿ 10 ಇಂಚಿಗೆ ಬೆಳೆದ! 2016ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಲೀಗ್ ಚಾಂಪಿಯನ್ ಆದಾಗ ಆ ತಂಡದ ಸ್ಟ್ರೈಕರ್, ಅಂದರೆ ಗೋಲು ಹೊಡೆಯುವ ಮುಖ್ಯ ಫಾರ್ವರ್ಡ್, ಅವನೇ. ಇದನ್ನೆಲ್ಲ ನೋಡಿದ ಮೇಲೆ ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳ ಅಕಾಡೆಮಿಗಳು ಮಕ್ಕಳನ್ನು ವಯಸ್ಸಿನ ಬದಲು ಮೈ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸುವ ಪ್ರಯೋಗವನ್ನೂ ಮಾಡಿವೆ.

ಈಗ ಇನ್ನೊಂದು ಮಗ್ಗುಲು. ದೊಡ್ಡ ಕ್ಲಬ್‌ನ ಕೋಚ್‌ಗಳು ಗಿಡ್ಡ ಫಾರ್ವರ್ಡ್ ಅಂದರೆ ಹಿಂದೆ ಮುಂದೆ ನೋಡುವುದು ಸುಮ್ನೆ ಅಲ್ಲ. ಫಾರ್ವರ್ಡ್‌ನ ಕೆಲಸ ಗೋಲು ಹೊಡೆಯುವುದು ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಹಿಂದಿನಿಂದ ಉದ್ದಕ್ಕೆ ಬಂದ ಬಾಲನ್ನು ಎದೆ ಮೇಲೆ ತಗೊಂಡು, ಬೆನ್ನ ಮೇಲೆ ಬಿದ್ದ ಡಿಫೆಂಡರ್‌ನನ್ನು ತಡೆದು, ತನ್ನವರು ಮುಂದೆ ಬರುವವರೆಗೆ ಬಾಲ್ ಉಳಿಸಿಕೊಳ್ಳುವುದೂ ಅವನ ಕೆಲಸವೇ. ಎದುರಿನವರಿಗೆ ಕಾರ್ನರ್ (ಮೈದಾನದ ಮೂಲೆಯಿಂದ ಹೊಡೆಯುವ ಕಿಕ್) ಸಿಕ್ಕಾಗ ತನ್ನ ಗೋಲಿನ ಮುಂದೆ ಬಂದು ಬಾಲಿಗೆ ತಲೆ ಕೊಡುವುದೂ ಅವನ ಕೆಲಸ. ಇದನ್ನು ತುಂಬಾ ಜನ ಮರೆಯುತ್ತಾರೆ. ಹನ್ನೊಂದು ಜನರಲ್ಲಿ ನಾಲ್ಕೈದು ಮಂದಿ ಗಿಡ್ಡಗಿದ್ದರೆ ಕಾರ್ನರ್ ಬಂದಾಗಲೆಲ್ಲ ಕೋಚ್‌ಗೆ ಎದೆ ಡವಡವ ಅನ್ನುತ್ತದೆ. ಮಿಡ್‌ಫೀಲ್ಡ್‌ನಲ್ಲಿ ಆಗಲೇ ಇಬ್ಬರು ಸಣ್ಣವರಿದ್ದರೆ ಮುಂದೆ ಎತ್ತರದವನು ಇರಲಿ ಅಂತ ಅವರು ಲೆಕ್ಕ ಹಾಕುತ್ತಾರೆ. ಇದರಲ್ಲಿ ದ್ವೇಷವೇನಿಲ್ಲ. ನಿಮ್ಮ ಮಗನಿಗೆ ಜಾಗ ಸಿಗುವುದು ಅವನ ಆಟದ ಮೇಲೆ ಎಷ್ಟು ನಿಂತಿದೆಯೋ, ಆ ತಂಡ ಹೇಗೆ ಆಡುತ್ತದೆ ಅನ್ನುವುದರ ಮೇಲೂ ಅಷ್ಟೇ ನಿಂತಿದೆ. ಬಾಲನ್ನು ನೆಲದ ಮೇಲೆ ಆಡಿಸುವ ತಂಡದಲ್ಲಿ ಅವನು ರಾಜ. ಎತ್ತಿ ಎತ್ತಿ ಹೊಡೆಯುವ ತಂಡದಲ್ಲಿ ಎಷ್ಟೇ ಚಳಕ ಇದ್ದರೂ ಇಡೀ ದಿನ ಆಕಾಶ ನೋಡಬೇಕಾಗುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಡ್ರೀಸ್ ಮೆರ್ಟೆನ್ಸ್. ಬೆಲ್ಜಿಯಂನವರು, 169 ಸೆಂ.ಮೀ. ಇಟಲಿಯ ನಾಪೊಲಿ ಕ್ಲಬ್‌ನಲ್ಲಿ ವಿಂಗ್‌ನಲ್ಲಿ ಆಡುತ್ತಿದ್ದರು. 2016ರಲ್ಲಿ ನಾಪೊಲಿಯ ದೊಡ್ಡ ಸ್ಟ್ರೈಕರ್ ಇಗ್ವಾಯಿನ್ ಯುವೆಂಟಸ್‌ಗೆ ಹೋದರು. ಹಿಂದಿನ ಸೀಸನ್‌ನಲ್ಲಿ ಲೀಗ್‌ನಲ್ಲಿ 36 ಗೋಲು ಹೊಡೆದಿದ್ದ ಆಳು ಅವರು. ಅವರ ಜಾಗಕ್ಕೆ ಪೋಲೆಂಡಿನ ಎತ್ತರದ ಮಿಲಿಕ್‌ನನ್ನು ತಂದರು. ಅಕ್ಟೋಬರ್‌ನಲ್ಲಿ ಮಿಲಿಕ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಕುಳಿತರು. ಕೋಚ್ ಸಾರ್ರಿ ಹೊಸ ದಾರಿ ಹುಡುಕಿದರು. ಮೆರ್ಟೆನ್ಸ್‌ನನ್ನು ನಡುವೆ ನಿಲ್ಲಿಸಿದರು. ಆಗ ಮೆರ್ಟೆನ್ಸ್‌ಗೆ 29 ವರ್ಷ, ನೆನಪಿಡಿ. ಡಿಸೆಂಬರ್‌ನಲ್ಲಿ ಕಲ್ಯಾರಿ ತಂಡದ ಮೇಲೆ ಮೂರು ಗೋಲು, ಮುಂದಿನ ವಾರವೇ ಟೊರಿನೊ ಮೇಲೆ ನಾಲ್ಕು. ಸೀಸನ್ ಮುಗಿದಾಗ ಲೀಗ್‌ನಲ್ಲಿ ಅವರವು 28 ಗೋಲು. ಅವರಿಗಿಂತ ಒಂದೇ ಒಂದು ಗೋಲು ಜಾಸ್ತಿ ಹೊಡೆದವರು ರೋಮಾ ತಂಡದ ಜೆಕೊ, 193 ಸೆಂ.ಮೀ. ಎತ್ತರದವರು. ಇಬ್ಬರ ನಡುವೆ 24 ಸೆಂಟಿಮೀಟರ್ ಅಂತರ, ಒಂದು ಗೋಲಿನ ಅಂತರ. ಮುಂದೆ ಮೆರ್ಟೆನ್ಸ್ 148 ಗೋಲುಗಳೊಂದಿಗೆ ನಾಪೊಲಿಯಲ್ಲಿ ಮರಡೋನ ದಾಖಲೆಯನ್ನೂ ದಾಟಿ ನಿಂತರು.

ಇಲ್ಲಿ ಏನಾಯಿತು ಅಂತ ಸ್ವಲ್ಪ ಯೋಚಿಸಿ. ಸಾರ್ರಿ ಮೆರ್ಟೆನ್ಸ್‌ಗೆ "ನೀನು ಜೆಕೊ ಥರ ಆಡು" ಅಂತ ಹೇಳಲಿಲ್ಲ. ನಾಪೊಲಿ ಬಾಲನ್ನು ನೆಲದ ಮೇಲೆ, ಬೇಗ ಬೇಗ, ಒಂದೆರಡು ಟಚ್‌ನಲ್ಲಿ ಮುಂದೆ ತರುತ್ತಿತ್ತು. ಮೆರ್ಟೆನ್ಸ್ ಡಿಫೆಂಡರ್‌ನ ಮೈಗೆ ಅಂಟಿ ನಿಲ್ಲುತ್ತಲೇ ಇರಲಿಲ್ಲ. ಹಿಂದಕ್ಕೆ ಬಂದು ಬಾಲ್ ಮುಟ್ಟಿ ಕೊಡುತ್ತಿದ್ದರು. ಡಿಫೆಂಡರ್ ಬೆನ್ನಟ್ಟಿ ಬಂದರೆ ಅವನು ಬಿಟ್ಟು ಬಂದ ಜಾಗಕ್ಕೆ ಓಡುತ್ತಿದ್ದರು. ಬರದಿದ್ದರೆ ತಿರುಗಿ ಗೋಲಿನ ಕಡೆ ಹೊರಡುತ್ತಿದ್ದರು. ಆರಡಿ ಡಿಫೆಂಡರ್‌ಗೆ ಇದು ನರಕ. ಒತ್ತಿ ನಿಲ್ಲಲು ಎದುರಿಗೆ ಮೈ ಸಿಕ್ಕರೆ ಅವನು ಗೆಲ್ಲುತ್ತಾನೆ. ಮೈಯೇ ಸಿಗದಿದ್ದರೆ ಏನು ಮಾಡುತ್ತಾನೆ?

ಇದಕ್ಕೆ ಮೊದಲು ಬಾರ್ಸಿಲೋನಾ ಕೂಡ ಮೆಸ್ಸಿಯನ್ನು ಹೀಗೇ ನಡುವೆ ತಂದಿತ್ತು. 2009ರ ಮೇ 2ರಂದು ರಿಯಲ್ ಮ್ಯಾಡ್ರಿಡ್ ಮೈದಾನದಲ್ಲಿ ಕೋಚ್ ಗ್ವಾರ್ಡಿಯೊಲ ಮೆಸ್ಸಿಯನ್ನು ಬಲ ವಿಂಗ್‌ನಿಂದ ನಡುವಿಗೆ ಸರಿಸಿದರು. ಡಿಫೆಂಡರ್‌ಗಳಿಗೆ ಅವರ ಹಿಂದೆ ಹೋಗಬೇಕೋ, ನಿಂತಲ್ಲೇ ನಿಲ್ಲಬೇಕೋ ತಿಳಿಯಲಿಲ್ಲ. ಬಾರ್ಸಿಲೋನಾ 6-2ರಿಂದ ಗೆದ್ದಿತು. ಮೆಸ್ಸಿಯ ಕಥೆ ನಿಮಗೆ ಗೊತ್ತಿರುತ್ತದೆ, ಉದ್ದ ಮಾಡುವುದಿಲ್ಲ. 170 ಸೆಂ.ಮೀ., ಎಂಟು ಸಲ ವರ್ಷದ ಅತ್ಯುತ್ತಮ ಆಟಗಾರನ ಬ್ಯಾಲನ್ ಡಿ'ಓರ್ ಪ್ರಶಸ್ತಿ. ಆದರೆ ಒಂದು ವಿಷಯ ನಿಮ್ಮ ಮಗನಿಗೆ ತಪ್ಪದೇ ಹೇಳಿ. ಮೆಸ್ಸಿಗೆ ಚಿಕ್ಕಂದಿನಲ್ಲಿ ಇಂಜೆಕ್ಷನ್ ಕೊಟ್ಟದ್ದು ಮೈಯಲ್ಲಿ ಬೆಳವಣಿಗೆಯ ಹಾರ್ಮೋನ್ ಕೊರತೆ ಇತ್ತು ಅಂತ. ಅದು ಕಾಯಿಲೆಗೆ ಕೊಟ್ಟ ಔಷಧಿ. ಆರೋಗ್ಯವಾಗಿರುವ ಮಗುವನ್ನು ಎತ್ತರ ಮಾಡಲು ಕೊಟ್ಟದ್ದಲ್ಲ.

ಮೆಸ್ಸಿ ತುಂಬಾ ದೂರದ ನಕ್ಷತ್ರ, ಅಂಥವನು ನೂರು ವರ್ಷಕ್ಕೊಬ್ಬ ಅಂತ ನೀವು ಹೇಳಬಹುದು. ಸರಿ, ಅವರನ್ನು ಪಕ್ಕಕ್ಕಿಡೋಣ. ಸೆರ್ಗಿಯೊ ಅಗ್ವೆರೊ, 173 ಸೆಂ.ಮೀ., ಮ್ಯಾಂಚೆಸ್ಟರ್ ಸಿಟಿಗೆ 260 ಗೋಲು. ಆ ಕ್ಲಬ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ಅದೂ ಇಂಗ್ಲೆಂಡಿನಲ್ಲಿ, ಮೈ ಮೇಲೆ ಬೀಳುವ ಆಟಕ್ಕೆ ಹೆಸರಾದ ಲೀಗ್‌ನಲ್ಲಿ. ಜರ್ಮೇನ್ ಡಿಫೊ, 171 ಸೆಂ.ಮೀ., ಅದೇ ಲೀಗ್‌ನಲ್ಲಿ 162 ಗೋಲು. ಹುಲಿಯಾನ್ ಆಲ್ವರೆಸ್, 170 ಸೆಂ.ಮೀ., 2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಸೆಂಟರ್ ಫಾರ್ವರ್ಡ್, ನಾಲ್ಕು ಗೋಲು. ಆದರೆ ಅವನು ಮ್ಯಾಂಚೆಸ್ಟರ್ ಸಿಟಿಯಲ್ಲಿದ್ದಾಗ ಅಲ್ಲಿನ ಮೊದಲ ಆಯ್ಕೆ 195 ಸೆಂ.ಮೀ. ಎತ್ತರದ ಹಾಲಂಡ್. 2024ರಲ್ಲಿ ಆಲ್ವರೆಸ್ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದ, ಅಲ್ಲಿ ಮುಖ್ಯ ಫಾರ್ವರ್ಡ್ ಆದ. ಒಂದು ಮನೆಯಲ್ಲಿ ಜಾಗ ಇಲ್ಲ ಅಂದ ಮಾತ್ರಕ್ಕೆ ಊರಲ್ಲೇ ಜಾಗ ಇಲ್ಲ ಅಂತ ಆಗುವುದಿಲ್ಲ. ಹುಡುಗಿಯರ ಆಟದಲ್ಲೂ ಇದೇ ಮಾತು. ಬ್ರೆಜಿಲ್‌ನ ಮಾರ್ತಾ 5 ಅಡಿ 4 ಇಂಚಿನವರು. ವಿಶ್ವಕಪ್‌ಗಳಲ್ಲಿ ಅವರು ಹೊಡೆದ 17 ಗೋಲನ್ನು ಗಂಡಸರೂ ಮುಟ್ಟದೆ ಎಷ್ಟೋ ವರ್ಷ ಕಳೆದವು.

ಈಗ ನಿಮಗೆ ಸ್ವಲ್ಪ ಕಹಿಯಾಗುವ ಮಾತು. ನಿಮ್ಮ ಪತ್ರದಲ್ಲಿ ನೀವು ಮಗನ ಚಳಕದ ಬಗ್ಗೆ ಬರೆದಿದ್ದೀರಿ. ಮೂರು ಜನರ ನಡುವೆ ನುಸುಳುತ್ತಾನೆ ಅಂದಿದ್ದೀರಿ. ಎಷ್ಟು ಗೋಲು ಹೊಡೆಯುತ್ತಾನೆ ಅಂತ ಬರೆದಿಲ್ಲ. ನಾನು ಮೇಲೆ ಹೇಳಿದ ಎಷ್ಟೋ ಜನರ ಹೆಸರಿನ ಪಕ್ಕ ಎತ್ತರದ ಜೊತೆ ಇನ್ನೊಂದು ಅಂಕಿ ಇದೆ, ನೋಡಿ. ಅದು ಗೋಲಿನ ಅಂಕಿ. ಗಿಡ್ಡಗಿದ್ದು ಚಳಕ ಇರುವ ಹುಡುಗರು ಜಗತ್ತಿನ ಪ್ರತಿ ಗಲ್ಲಿಯಲ್ಲೂ ಇದ್ದಾರೆ. ಗಿಡ್ಡಗಿದ್ದು ಗೋಲಿನ ದಾರಿ ಗೊತ್ತಿರುವವರು ಕಡಿಮೆ. ದೊಡ್ಡ ಕ್ಲಬ್‌ನಲ್ಲಿ ಬೆಳಗದ ಸಣ್ಣ ಫಾರ್ವರ್ಡ್‌ಗಳನ್ನು ನೋಡಿದರೆ, ಎಷ್ಟೋ ಜನಕ್ಕೆ ಎತ್ತರ ಅಡ್ಡ ಬಂದಿಲ್ಲ. ಬಾಲ್ ಜಾಸ್ತಿ ಹೊತ್ತು ಇಟ್ಟುಕೊಂಡರು, ಕೊನೆಯ ಪಾಸ್ ತಡವಾಯಿತು, ಹೊಡೆತ ಗೋಲ್‌ಕೀಪರ್ ಕೈಗೆ ಹೋಯಿತು. ಎತ್ತರದವನು ಒಂದು ಆಟದಲ್ಲಿ ಗೋಲು ಹೊಡೆಯದಿದ್ದರೂ ಕಾರ್ನರ್ ತಡೆದು, ಬಾಲ್ ಹಿಡಿದು ನಿಂತು ಸಂಬಳಕ್ಕೆ ನ್ಯಾಯ ಮಾಡುತ್ತಾನೆ. ಸಣ್ಣವನಿಗೆ ಆ ಆಸರೆ ಇಲ್ಲ. ಅವನು ಗೋಲು ಹೊಡೆಯಲೇಬೇಕು, ಇಲ್ಲಾ ಹೊಡೆಸಬೇಕು.

ಸೆಬಾಸ್ಟಿಯನ್ ಜೊವಿಂಕೊ ಅಂತ ಇಟಲಿಯ ಆಟಗಾರ, 163 ಸೆಂ.ಮೀ. ಅವರ ಕಾಲ್ಚಳಕ ಕಣ್ಣಿಗೆ ಹಬ್ಬ. ಯುವೆಂಟಸ್‌ನಲ್ಲೇ ಬೆಳೆದವರು. ಆದರೂ ಅಲ್ಲಿ ಖಾಯಂ ಜಾಗ ಸಿಗಲಿಲ್ಲ. 2015ರಲ್ಲಿ ಕೆನಡಾದ ಟೊರೊಂಟೊ ತಂಡಕ್ಕೆ ಹೋದರು. ಮೊದಲ ವರ್ಷವೇ 22 ಗೋಲು, ಆ ತಂಡ ಆಡುವ ಅಮೆರಿಕದ ಲೀಗ್‌ನ ಅತ್ಯುತ್ತಮ ಆಟಗಾರ. ಅಲ್ಲಿ ಇಡೀ ತಂಡವನ್ನು ಅವರ ಸುತ್ತ ಕಟ್ಟಿದ್ದರು. ಯುರೋಪಿನ ತುತ್ತತುದಿಯಲ್ಲಿ ಅವರಿಗೆ ಅದು ಸಿಗಲಿಲ್ಲ. ಇದು ಸೋಲು ಅಂತ ನಾನು ಹೇಳಲಾರೆ. ಆದರೆ ಬರೀ ಚಳಕಕ್ಕೆ ತುದಿಯ ಬಾಗಿಲು ತಾನಾಗಿ ತೆರೆಯುವುದಿಲ್ಲ ಅಂತ ತೋರಿಸುತ್ತದೆ.

ಹಾಗಾದರೆ ಸಣ್ಣ ಮೈಯಿಂದ ನಿಜವಾದ ಲಾಭ ಏನೂ ಇಲ್ಲವೇ? ಇದೆ. ನಮ್ಮ ಕಡೆಯ ಕಬಡ್ಡಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸಣ್ಣ ರೈಡರ್ ಹೇಗೆ ಹಿಡಿತದಿಂದ ಜಾರುತ್ತಾನೆ? ಅವನ ಸೊಂಟ ನೆಲಕ್ಕೆ ಹತ್ತಿರ. ಮೈಯ ಭಾರ ಕೆಳಗೆ ಇರುತ್ತದೆ. ಹೆಜ್ಜೆ ಗಿಡ್ಡ, ಆದ್ದರಿಂದ ಕಾಲು ಜಾಸ್ತಿ ಸಲ ನೆಲ ಮುಟ್ಟುತ್ತದೆ. ದಿಕ್ಕು ಬದಲಿಸಲು ಕಾಲು ನೆಲದ ಮೇಲೆ ಇರಬೇಕು. ಉದ್ದ ಕಾಲಿನವನು ಒಂದು ಹೆಜ್ಜೆ ಮುಗಿಸುವಷ್ಟರಲ್ಲಿ ಸಣ್ಣವನು ಎರಡನೇ ಸಲ ತಿರುಗಿರುತ್ತಾನೆ. ಬಾಲ್ ಕೂಡ ಕಾಲಿಗೆ ಹತ್ತಿರವೇ ಇರುತ್ತದೆ. ಹೊಡೆಯಲು ಕಾಲನ್ನು ತುಂಬಾ ಹಿಂದಕ್ಕೆ ಎಳೆಯಬೇಕಿಲ್ಲ, ಗೋಲ್‌ಕೀಪರ್‌ಗೆ ಸುಳಿವು ಸಿಗುವ ಮೊದಲೇ ಬಾಲ್ ಹೊರಟಿರುತ್ತದೆ. ರೊಮಾರಿಯೊ ಬೂಟಿನ ತುದಿಯಲ್ಲೇ ಎಷ್ಟೋ ಗೋಲು ಹೊಡೆದರು.

ಇನ್ನೊಂದು ಲಾಭ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಚಿಕ್ಕಂದಿನಿಂದ ಸಣ್ಣಗಿರುವ ಹುಡುಗನಿಗೆ ಗುದ್ದಾಡಿ ಗೆಲ್ಲಲು ಆಗುವುದಿಲ್ಲ. ಹಾಗಾಗಿ ಗುದ್ದಾಟ ಬರುವ ಮೊದಲೇ ಅಲ್ಲಿಂದ ಜಾಗ ಖಾಲಿ ಮಾಡುವುದನ್ನು ಕಲಿಯುತ್ತಾನೆ. ಬಾಲ್ ಬರುವ ಮುಂಚೆಯೇ ಮುಂದೇನು ಅಂತ ತೀರ್ಮಾನ ಮಾಡಿರುತ್ತಾನೆ. ಇದು ಕಣ್ಣಿನ ಕೆಲಸ. ನಾರ್ವೆಯ ಸಂಶೋಧಕ ಗೈರ್ ಯೊರ್ಡೆಟ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಆಟಗಾರರು ಬಾಲ್ ತಮ್ಮ ಹತ್ತಿರ ಬರುವ ಮೊದಲು ತಲೆ ತಿರುಗಿಸಿ ಸುತ್ತ ಎಷ್ಟು ಸಲ ನೋಡುತ್ತಾರೆ ಅಂತ ಎಣಿಸಿದ್ದಾರೆ. ಒಳ್ಳೆಯ ಆಟಗಾರರು ಜಾಸ್ತಿ ನೋಡುತ್ತಾರೆ. ನಿಮ್ಮ ಮಗ ಬರೀ ಬಾಲನ್ನೇ ನೋಡುತ್ತಾನೋ, ಹೆಗಲ ಹಿಂದೆಯೂ ನೋಡುತ್ತಾನೋ? ಎತ್ತರಕ್ಕಿಂತ ಮೊದಲು ನಾನು ಅವನಲ್ಲಿ ಹುಡುಕುವುದು ಇದನ್ನು.

ಹೆಡರ್ (ಬಾಲನ್ನು ತಲೆಯಿಂದ ಹೊಡೆಯುವುದು) ವಿಷಯದಲ್ಲೂ ಒಂದು ಮಾತು. "ಗಿಡ್ಡ, ಅವನಿಗೆ ಹೆಡ್ ಬೇಡ" ಅಂತ ನಮ್ಮ ಕೋಚ್‌ಗಳು ಅಭ್ಯಾಸವನ್ನೇ ಬಿಡಿಸುತ್ತಾರೆ. ಇದು ಅನ್ಯಾಯ. 1994ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸ್ವೀಡನ್ ಎದುರು 80ನೇ ನಿಮಿಷದವರೆಗೆ ಗೋಲೇ ಇರಲಿಲ್ಲ. ಎತ್ತರದ ಸ್ವೀಡನ್ ಡಿಫೆಂಡರ್‌ಗಳ ನಡುವೆ ಹಾರಿ ರೊಮಾರಿಯೊ ತಲೆಯಿಂದ ಗೋಲು ಹೊಡೆದರು. 2009ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮೆಸ್ಸಿ ಹೊಡೆದದ್ದೂ ಹೆಡರ್, ಹಾರುವಾಗ ಒಂದು ಬೂಟು ಕಾಲಿನಿಂದ ಕಳಚಿತ್ತು. ಅಷ್ಟು ದೂರ ಯಾಕೆ, ನಮ್ಮ ಸುನಿಲ್ ಚೆಟ್ರಿಯನ್ನೇ ನೋಡಿ. ಅವರ ಎತ್ತರ 170 ಸೆಂ.ಮೀ. ಹತ್ತಿರ. ದೇಶಕ್ಕೆ 90ಕ್ಕೂ ಹೆಚ್ಚು ಗೋಲು. 2025ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್, 90 ನಿಮಿಷ ಮುಗಿದು ಹೆಚ್ಚುವರಿ ನಿಮಿಷ ನಡೆಯುತ್ತಿತ್ತು. 40 ವರ್ಷದ ಚೆಟ್ರಿ ತಲೆ ಕೊಟ್ಟು ಗೋಲು ಹೊಡೆದು ಬೆಂಗಳೂರು ಎಫ್‌ಸಿಯನ್ನು ಫೈನಲ್‌ಗೆ ಒಯ್ದರು. ಅವರು ನಿಂತಲ್ಲಿ ಹಾರುವುದಿಲ್ಲ. ಓಡಿ ಬಂದು, ಡಿಫೆಂಡರ್‌ಗಿಂತ ಅರ್ಧ ಕ್ಷಣ ಮುಂಚೆ ಹಾರುತ್ತಾರೆ. ನಿಂತು ಹಾರುವ ಆರಡಿಯವನಿಗಿಂತ ಓಡಿ ಬಂದು ಹಾರುವ ಐದೂವರೆ ಅಡಿಯವನ ತಲೆ ಎಷ್ಟೋ ಸಲ ಬಾಲಿಗೆ ಮೊದಲು ಸಿಗುತ್ತದೆ.

ಇನ್ನು ನಿಮ್ಮ ಮಗನ ದಿನದ ಅಭ್ಯಾಸ. ಬಳ್ಳಾರಿ ಕಡೆಯ ಮೈದಾನಗಳಲ್ಲಿ ಹುಲ್ಲು ಕಡಿಮೆ, ನೆಲ ಗಟ್ಟಿ. ಬಾಲ್ ಮೊಣಕಾಲು, ಎದೆ ಮಟ್ಟಕ್ಕೆ ಪುಟಿಯುತ್ತದೆ. ಪುಟಿಯುವ ಬಾಲ್ ಎತ್ತರದವನ ಸ್ನೇಹಿತ. ಆದ್ದರಿಂದ ವಾರದಲ್ಲಿ ಎರಡು ದಿನವಾದರೂ ಫುಟ್ಸಾಲ್ ಬಾಲ್ ತಂದು ಸಣ್ಣ ಜಾಗದಲ್ಲಿ ನಾಲ್ಕು ನಾಲ್ಕು ಜನ ಆಡಲಿ. ಅದು ಕಡಿಮೆ ಪುಟಿಯುತ್ತದೆ. ಸಿಗದಿದ್ದರೆ ಹಳೆ ಬಾಲಿನ ಗಾಳಿ ಸ್ವಲ್ಪ ಇಳಿಸಿದರೂ ನಡೆಯುತ್ತದೆ. ಒಬ್ಬನಿಗೆ ಎರಡೇ ಟಚ್ ಅಂತ ನಿಯಮ ಹಾಕಿ. ನುಸುಳುವುದು ಅವನಿಗೆ ಬರುತ್ತದೆ. ಬಾಲ್ ಬೇಗ ಬಿಡುವುದು ಬರಬೇಕು. ಎಡಗಾಲು ಬಲಗಾಲು ಎರಡರಿಂದಲೂ, ಓಡುತ್ತಾ ಬಂದ ಬಾಲನ್ನು ನಿಲ್ಲಿಸದೆ ಗೋಲಿಗೆ ಹೊಡೆಯುವ ಅಭ್ಯಾಸ ದಿನಾ ಇರಲಿ. ಐವತ್ತು ಹೊಡೆತ ಸಾಕು, ಆದರೆ ದಿನಾ. ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸಿ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಮಧ್ಯಾಹ್ನ ಮಕ್ಕಳನ್ನು ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬೆನ್ನ ಹಿಂದೆ ದೊಡ್ಡ ಡಿಫೆಂಡರ್ ಇದ್ದಾಗ ಅವನ ಮೈಗೆ ಒರಗಿ ನಿಲ್ಲಬಾರದು. ಒಂದು ತೋಳು ದೂರ ನಿಲ್ಲಬೇಕು, ಅವನ ಕಣ್ಣಿಗೆ ಬೀಳದ ಮಗ್ಗುಲಲ್ಲಿ. ಬಾಲ್ ಹೊರಟ ಮೇಲೆ ಹೊರಡಬೇಕು. ಮುಟ್ಟಲೇಬೇಕಾಗಿ ಬಂದರೆ, ಬಾಲ್ ಬರುವುದಕ್ಕೆ ಒಂದು ಕ್ಷಣ ಮೊದಲು ಸೊಂಟ ತಗ್ಗಿಸಿ ಅವನ ತೊಡೆಗೆ ಒತ್ತು ಕೊಟ್ಟು, ಅವನು ಸಾವರಿಸಿಕೊಳ್ಳುವಷ್ಟರಲ್ಲಿ ದೂರ ಸರಿಯಬೇಕು. ಅಗ್ವೆರೊ ಆಟದ ವಿಡಿಯೊ ಹಾಕಿ ತೋರಿಸಿ. ಗೋಲು ನೋಡಬೇಡಿ, ಗೋಲಿಗೆ ಹತ್ತು ಸೆಕೆಂಡ್ ಮೊದಲು ಅವನು ಎಲ್ಲಿ ನಿಂತಿದ್ದ ಅಂತ ನೋಡಿ. ಅಂಚಿನಿಂದ ಗೋಲಿನ ಮುಂದಕ್ಕೆ ಕ್ರಾಸ್ ಬರುವಾಗ ಹತ್ತಿರದ ಕಂಬದ ಕಡೆ, ಡಿಫೆಂಡರ್‌ನ ಮುಂದೆ ನುಗ್ಗುವುದನ್ನೂ ಅವನಿಂದಲೇ ಕಲಿಯಬಹುದು.

ವಿಂಗ್‌ಗೆ ಹಾಕಬೇಕೇ ಅಂದರೆ, ಆಗಾಗ ಆಡಲಿ, ತಪ್ಪಿಲ್ಲ. ಮೆರ್ಟೆನ್ಸ್, ಮೆಸ್ಸಿ ಇಬ್ಬರೂ ವಿಂಗ್‌ನಿಂದಲೇ ನಡುವೆ ಬಂದವರು. ಅಲ್ಲಿ ಎದುರಿಗೆ ಗೋಲು ಕಾಣುತ್ತದೆ, ಜಾಗ ಸಿಗುತ್ತದೆ. ಆದರೆ "ನೀನು ಗಿಡ್ಡ, ಅದಕ್ಕೇ ಅಲ್ಲಿಗೆ ಹೋಗು" ಅಂತ ಹೇಳಿ ಕಳಿಸಬೇಡಿ. ವಾರದಲ್ಲಿ ಒಂದು ಆಟವಾದರೂ ನಡುವೆ ಆಡಲಿ. 14ಕ್ಕೇ ಒಂದು ಜಾಗಕ್ಕೆ ಮೊಳೆ ಹೊಡೆದು ಕೂರಿಸುವ ಅಗತ್ಯ ಯಾರಿಗೂ ಇಲ್ಲ.

ಮೈ ವಿಷಯ ಬೇಗ ಮುಗಿಸುತ್ತೇನೆ. ಬಾಗಿಲಿಗೆ ಜೋತು ಬಿದ್ದರೆ ಎತ್ತರ ಬರುವುದಿಲ್ಲ, ಭುಜ ನೋಯುತ್ತದೆ. ಎತ್ತರ ಬೆಳೆಸುವ ಪೌಡರಿನ ದುಡ್ಡನ್ನು ಮೊಟ್ಟೆ, ಹಾಲು, ಕಾಳಿಗೆ ಹಾಕಿ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಶೇಂಗಾ ಚಟ್ನಿ ತಿಂದು ಬೆಳೆದ ಮೈಗೆ ಡಬ್ಬಿಯ ಪುಡಿ ಬೇಕಿಲ್ಲ. ರಾತ್ರಿ ಒಂಬತ್ತು ಗಂಟೆ ನಿದ್ದೆ ಆಗಲಿ, ಮೊಬೈಲ್ ಹೊರಗಿರಲಿ. ಮೂರು ತಿಂಗಳಿಗೊಮ್ಮೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿ ತಾರೀಕು ಬರೆಯಿರಿ. ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸರಸರ ಬೆಳೆಯಲು ಶುರುವಾದಾಗ ಮೊಣಕಾಲು, ಹಿಮ್ಮಡಿ ನೋವು ಬರಬಹುದು. ಕೆಲವು ತಿಂಗಳು ಕಾಲು ತನ್ನದಲ್ಲ ಅನ್ನುವ ಹಾಗೆ ಚಳಕವೂ ತಪ್ಪಬಹುದು. ಆಗ ಬೈಯಬೇಡಿ, ಓಟ ಕಡಿಮೆ ಮಾಡಿ.

ಬಳ್ಳಾರಿಯಲ್ಲಿದ್ದು ಇದೆಲ್ಲ ಎಲ್ಲಿ ಅಂತ ಅನ್ನಿಸಬಹುದು. ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ತೋರಣಗಲ್ಲಿನ ಹತ್ತಿರದ ವಿಜಯನಗರ ಟೌನ್‌ಶಿಪ್‌ನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬೆಂಗಳೂರು ಎಫ್‌ಸಿಯ ಮಕ್ಕಳ ಅಕಾಡೆಮಿ ಅಲ್ಲೇ ನೆಲೆ ನಿಂತದ್ದು. ದೇಶದ ಮೂಲೆ ಮೂಲೆಯ ಹುಡುಗರು ಆಡಲು ನಮ್ಮ ಜಿಲ್ಲೆಗೆ ಬಂದಿದ್ದಾರೆ. ಹಾಗಾಗಿ ಒಂದು ಟ್ರಯಲ್ಸ್‌ನಲ್ಲಿ ಒಬ್ಬ ಕೋಚ್ ಹೇಳಿದ ಮಾತಿಗೆ ಬಿಡಿಸಬೇಡಿ. ಇನ್ನೂ ಎರಡು ಮೂರು ಕಡೆ ತೋರಿಸಿ. ಹೋದಲ್ಲೆಲ್ಲ ಕೋಚ್‌ಗೆ ಒಂದು ಪ್ರಶ್ನೆ ಕೇಳಿ: "ನಿಮ್ಮ ತಂಡ ಬಾಲನ್ನು ಹಿಂದಿನಿಂದ ಹೇಗೆ ಮುಂದೆ ತರುತ್ತದೆ?" ಉತ್ತರ ಕೇಳಿದರೆ ಅಲ್ಲಿ ನಿಮ್ಮ ಮಗನಿಗೆ ಜಾಗ ಇದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ.

ಇನ್ನೊಂದು ಕೆಲಸ ಮಾಡಿ. ಮುಂದಿನ ಭಾನುವಾರ ಅವನ ಆಟಕ್ಕೆ ಹೋಗಿ ಎದುರು ತಂಡದ ಗೋಲಿನ ಹಿಂದೆ ಕುಳಿತುಕೊಳ್ಳಿ. ಒಂದು ಚೀಟಿ, ಪೆನ್ನು ತಗೊಂಡು ಹೋಗಿ. ಅವನಿಗೆ ಬಾಲ್ ಎಷ್ಟು ಸಲ ಬಂತು, ಬರುವ ಮೊದಲು ಎಷ್ಟು ಸಲ ಹೆಗಲ ಹಿಂದೆ ತಿರುಗಿ ನೋಡಿದ, ಗೋಲಿಗೆ ಎಷ್ಟು ಸಲ ಹೊಡೆದ, ಈ ಮೂರನ್ನು ಮಾತ್ರ ಗೆರೆ ಹಾಕಿ ಎಣಿಸಿ. ಅವನಿಗೆ ಹೇಳಬೇಡಿ. ನಾಲ್ಕು ಭಾನುವಾರದ ಚೀಟಿ ಸೇರಿದ ಮೇಲೆ ನನಗೆ ಕಳಿಸಿ. ಎತ್ತರ ಬರೆಯಬೇಡಿ, ನಾನು ಕೇಳುವುದಿಲ್ಲ.